ಬಿತ್ತನೆಗೆ ಬಿಟ್ಟ ಕಾಯಿ

ಆಟೋದ ಕನ್ನಡಿಗೆ ಕಟ್ಟಿದ ಚೆಂಡುಹೂವಿನ ಹಾರ ಪ್ರತಿ ತಿರುವಿನಲ್ಲೂ ಸಾಯಿಕುಮಾರನ ಕಿವಿಗೆ ಬಂದು ಬಡಿಯುತ್ತಿದೆ, ಅವನು ತಲೆ ಕೊಡವುತ್ತಾನೆ, ಹಾರ ಆಚೆ ಹೋಗಿ ಮತ್ತೆ ಬರುತ್ತದೆ, ಹಳದಿ, ಇವತ್ತು ಊರೆಲ್ಲ ಹಳದಿಯೇ, ಬಸ್ಸಿನ ಮೂತಿಗೆ ಹಳದಿ, ಸ್ಕೂಟರಿನ ಹ್ಯಾಂಡಲ್ಲಿಗೆ ಹಳದಿ, ಪಂಕ್ಚರ್ ಅಂಗಡಿಯ ಗಾಳಿ ಪಂಪಿಗೂ ಅರಿಶಿನ ಕುಂಕುಮ, ಆದರೆ ನನ್ನ ಕಣ್ಣು ಹುಡುಕುತ್ತಿರುವ ಹಳದಿ ಬೇರೆ — ಒಂದು ಗೇಣು ಬಟ್ಟೆ, ಅಮ್ಮನ ಹಳೇ ಸೀರೆಯದ್ದು, ಬೂದುಗುಂಬಳದ ತೊಟ್ಟಿಗೆ ನಾನೇ ಎರಡು ಗಂಟು ಹಾಕಿ ಕಟ್ಟಿದ್ದು, ಬೆಳಿಗ್ಗೆ ಪೂಜೆಗೆ ಹೂವು ಕೀಳಲು ಹಿತ್ತಿಲಿಗೆ ಹೋದಾಗ ಬಚ್ಚಲುಮನೆಯ ತಗಡಿನ ಮೇಲೆ ಅದು ಕಾಣಲಿಲ್ಲ, ಬಟ್ಟೆಯೂ ಇಲ್ಲ, ಕಾಯಿಯೂ ಇಲ್ಲ, ಕಾಯಿಗೆ ಒತ್ತದಿರಲಿ ಎಂದು ಹುಲ್ಲು ಸುತ್ತಿ ಇಟ್ಟಿದ್ದ ಸಿಂಬಿ ಮಾತ್ರ ಖಾಲಿ ಕೂತಿತ್ತು, ಬಳ್ಳಿಯಲ್ಲಿ ಚಾಕುವಿನಿಂದ ಕೊಯ್ದ ಗಾಯ, ಇನ್ನೂ ಹಸಿ. ಕೋತಿಯಾದರೆ ಚಾಕು ಹಿಡಿಯುವುದಿಲ್ಲ. ಗೋಡೆಯಾಚೆಯಿಂದ ಕನಕಮ್ಮ ತಲೆ ಎತ್ತಿ, ಅಂಜನಮ್ಮಾ, ಉಂಗ ವೀಟುಕಾರರೇ ಪೂಸಣಿಕಾಯ್ ತೋಳ್ ಮೇಲೆ ಇಟ್ಕೊಂಡು ಓದ್ರು, ನಾನೇ ನೋಡ್ದೆ, ಫ್ಯಾಕ್ಟರೀಲಿ ಪೂಜೆ ಅಲ್ವಾ, ಎಂದಳು, ನನ್ನ ಗಂಡ, ಮೂವತ್ತು ವರ್ಷದಲ್ಲಿ ನನ್ನ ಹಿತ್ತಿಲಿಂದ ಒಂದು ಕೊತ್ತಂಬರಿ ಎಲೆ ಕಿತ್ತವನಲ್ಲ, ಇವತ್ತು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಬಿತ್ತನೆ ಕಾಯಿಯನ್ನೇ ಕೊಯ್ದು ಹೊತ್ತುಕೊಂಡು ಹೋಗಿದ್ದಾನೆ, ಒಳಗೆ ನಾನು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ, ಮಿಕ್ಸಿಯ ಸದ್ದಿನಲ್ಲಿ ಏನು ಕೇಳುತ್ತದೆ, ಫೋನು ಮಾಡಿದೆ, ಫೋನು ಅಲ್ಲೇ ಮಿಕ್ಸಿಯ ಪಕ್ಕದಲ್ಲೇ ರಿಂಗಾಯಿತು, ಮಹಾರಾಯ ಅದನ್ನು ಮರೆತು ಹೋಗಿದ್ದ. ಬಿಸಿಲೇರುವ ಹೊತ್ತಿಗೆ ಪೂಜೆ, ಪೂಜೆ ಮುಗಿದರೆ ಒಡೆದೇ ಬಿಡುತ್ತಾರೆ. ಬೇಗ ಓಡಿಸಪ್ಪ ಸಾಯಿ. ಅಕ್ಕಾ, ಕೊಂಜಂ ಇರು, ಮುಂದೆ ನೋಡು, ಎಲ್ಲಾ ಬಾಳೆಕಂದು ಕಟ್ಕೊಂಡು ಮೆರವಣಿಗೆ ಓಗ್ತಾ ಇದಾರೆ. ಇರಲಿ. ಸಿಗುತ್ತದೆ, ಯಾಕೆ ಸಿಗುವುದಿಲ್ಲ, ನಾನು ಹೊರಟ ಮೇಲೆ ಸಿಗದೆ ಎಲ್ಲಿ ಹೋಗುತ್ತದೆ.

ಆ ದಿಬ್ಬ ಬಂತು, ಗಣಿಯ ಮಣ್ಣಿನ ದಿಬ್ಬ, ಊರಿಗಾಂನಲ್ಲಿ ಯಾವ ಕಿಟಕಿ ತೆಗೆದರೂ ಅದೇ ಬಂದು ನಿಲ್ಲುತ್ತದೆ, ಬೇಸಿಗೆಯಲ್ಲಿ ಗಾಳಿ ಎದ್ದರೆ ಅದರ ಧೂಳು ನಮ್ಮ ಅನ್ನದ ತಪ್ಪಲೆಗೂ ಪಾಲು ಕೇಳುತ್ತದೆ, ನಾನು ಮದುವೆಯಾಗಿ ಬಂದಾಗ ಕನಕಮ್ಮನ ಅತ್ತೆ ಇದ್ದರು, ಗಣಿ ಲೈನಿನಲ್ಲೇ ಹುಟ್ಟಿ ಬೆಳೆದವರು, ಇಂದ ಮಣ್ಣುಲ ಒಣ್ಣುಂ ವರಾದು, ಇಲ್ಲಿ ಚಿನ್ನ ಬಿಟ್ಟು ಬೇರೇನೂ ಬರಲ್ಲಮ್ಮಾ, ಎಂದಿದ್ದರು, ಚಿನ್ನವೂ ನಿಂತು ಹೋಯಿತು, ನನ್ನ ಬದನೆ ನಿಲ್ಲಲಿಲ್ಲ. ಬರುವುದಿಲ್ಲ ಎಂದರೆ ಬರಿಸಬೇಕು. ಕ್ಯಾಸಂಬಳ್ಳಿಯ ಕೆರೆ ಬತ್ತಿದ ಬೇಸಿಗೆಗಳಲ್ಲೆಲ್ಲ ಅಶ್ವತ್ಥಪ್ಪನಿಗೆ ಹೇಳಿ, ನನ್ನ ತಮ್ಮ, ಅವನ ಹಾಲಿನ ಟೆಂಪೋದಲ್ಲಿ ಗೋಡು ಮಣ್ಣು ಚೀಲ ಚೀಲ ತರಿಸಿದೆ, ಅಕ್ಕಯ್ಯಾ, ಜನ ತವರಿಂದ ಸೀರೆ ತಕೊಂಡೋಗ್ತಾರೆ, ನೀನು ಮಣ್ಣು ಓತ್ಕೊಂಡೋಗ್ತೀಯಲ್ಲೇ, ಎಂದು ನಗುತ್ತಿದ್ದ, ನಗಲಿ, ಸೀರೆ ಹರಿಯುತ್ತದೆ. ಈ ಬೇಸಿಗೆಯೂ ಹಾಗೇ ಮಣ್ಣು ತರಲು ತವರಿಗೆ ಹೋದವಳು ನಾನು, ಹೋದರೆ ಹಿತ್ತಿಲೇ ಇಲ್ಲ, ಅಮ್ಮನ ಹಿತ್ತಿಲಿದ್ದ ಜಾಗದಲ್ಲಿ ಸಿಮೆಂಟು ಹಾಸಿ ಹಸುಗಳಿಗೆ ಹೊಸ ಕೊಟ್ಟಿಗೆ, ಫ್ಯಾನು, ನೀರಿನ ತೊಟ್ಟಿ, ನೋಡಲು ಚೆನ್ನಾಗಿಯೇ ಇದೆ, ಹಸುಗಳಿಗೂ ಸುಖ, ತಮ್ಮನನ್ನು ಬೈಯಲು ನನಗೇನೂ ಸಿಗಲಿಲ್ಲ, ಅಮ್ಮ ಜಗಲಿಯ ಮೇಲೆ ಕೂತು ಮಡಿಲಲ್ಲಿ ಏನನ್ನೋ ಬಚ್ಚಿಟ್ಟುಕೊಂಡಿದ್ದಳು, ಹಳೇ ಅಡುಗೆಮನೆಯ ಗೋಡೆ ಕೆಡವುವಾಗ ಆಳುಗಳ ಕೈಯಿಂದ ಕಿತ್ತುಕೊಂಡ ಒಂದು ಬೆರಣಿ, ಸಗಣಿಯಲ್ಲಿ ಬೀಜ ಒತ್ತಿ ಗೋಡೆಗೆ ಬಡಿದು ಇಡುವುದು ಅಮ್ಮನ ಕಾಲದ ಪದ್ಧತಿ, ಹುಳ ಹಿಡಿಯದಿರಲಿ ಎಂದು, ಅದು ಯಾವ ವರ್ಷ ಬಡಿದದ್ದೋ ಅವಳಿಗೇ ನೆನಪಿರಲಿಲ್ಲ, ನಮ್ಮಮ್ಮ ಗಡಿಯಾಚೆ ವಿ. ಕೋಟ ಕಡೆಯಿಂದ ತಂದಿದ್ದ ಬೂದ್ಗುಮ್ಮಡಿ ಕಣೇ ಇದು, ನೆಲವಿಗೆ ತೂಗಾಕಿದ್ರೆ ಯುಗಾದಿವರ್ಗೂ ಕೆಡ್ತಿರ್ನಿಲ್ಲ, ಇದ್ರ ಬೀಜ ಇಷ್ಟೇ ಉಳ್ದಿರೋದು ಅಂಜೀ, ನಿನ್ನ ಕೈ ಒಳ್ಳೇದು, ನೀನಾಕು, ಎಂದು ಬೆರಣಿಯನ್ನು ನನ್ನ ಕೈಗಿಟ್ಟಳು, ಮಗು ಎತ್ತಿ ಕೊಟ್ಟ ಹಾಗೆ ಎರಡೂ ಕೈಯಲ್ಲಿ. ಕೊಟ್ಟ ಮೇಲೆ, ಬೀಜ ಮಾಡಿ ನಂಗೊಂದಿಡಿ ತಂದ್ಕೊಡು, ಎಂದಳು. ತರುತ್ತೇನೆ ಎಂದೆ. ನಾನು ಹೇಳಿದರೆ ಮುಗಿಯಿತು ಎಂದು ಅವಳಿಗೂ ಗೊತ್ತು.

ನಿಲ್ಲಿಸು, ಸಾಯಿ ನಿಲ್ಲಿಸು, ಇದು ರಾಬರ್ಟ್‌ಸನ್‌ಪೇಟೆ, ಅಲ್ಲಿ ರಸ್ತೆಗೇ ಸುರಿದಿದ್ದಾರೆ ಕುಂಬಳಕಾಯಿ, ರಾಶಿ ರಾಶಿ, ಯಾಕೆ ಮೊದಲೇ ಹೊಳೆಯಲಿಲ್ಲ ನನಗೆ, ಒಂದು ಕೊಂಡು ಹೋಗಿ ಬದಲಾಯಿಸಿದರೆ ಮುಗಿಯಿತು, ಒಡೆಯುವವರಿಗೆ ಯಾವುದಾದರೇನು, ದೇವರು ಬೀಜದ ಜಾತಿ ಕೇಳುತ್ತಾನೆಯೇ, ಯಂತ್ರಕ್ಕೆ ತಗಲಿದ ಕಣ್ಣಿಗೆ ತವರಿನ ಕಾಯಿಯೇ ಆಗಬೇಕೇ, ಅಮ್ಮಾ ಇದು ತಗೊಳ್ಳಿ, ಫಸ್ಟ್ ಕ್ಲಾಸು, ಎನ್ನುತ್ತಾನೆ ಅಂಗಡಿಯವನು, ಬೆರಳಲ್ಲಿ ತಟ್ಟಿ ನೋಡಿದೆ, ಮೈಮೇಲೆ ಬೂದಿಯೂ ಸರಿಯಾಗಿ ಬಂದಿಲ್ಲ, ಹಸಿರು ಹಸಿರು, ಎಳಸನ್ನೇ ಕಿತ್ತು ಲಾರಿಗೆ ತುಂಬಿದ್ದಾರೆ, ಇದರೊಳಗಿನ ಬೀಜ ಇನ್ನೂ ನೀರು, ಬಿತ್ತಿದರೆ ಕೊಳೆಯುತ್ತದೆ, ಆದರೆ ಒಡೆಯುವುದಕ್ಕೆ ಧಾರಾಳ ಸಾಕು, ದುಂಡಗೆ ಇರುವ ಒಂದನ್ನು ಆರಿಸಿ ಎತ್ತಿಕೊಂಡೆ, ಈಗ ಅದು ನನ್ನ ತೊಡೆಯ ಮೇಲೆ ಕೂತಿದೆ, ಭಾರ, ಸೀರೆಯ ನೆರಿಗೆಗೆ ತಣ್ಣಗೆ ಹತ್ತುತ್ತಿದೆ, ಹಬ್ಬದ ಸೀರೆ. ಏನಕ್ಕಾ, ಮನೇಲಿ ಒಡೀತೀಯಾ, ಎಂದು ಸಾಯಿ ಕನ್ನಡಿಯಲ್ಲಿ ನೋಡುತ್ತಾನೆ, ಹೆಂಗಸು ಒಡೀಬಾರ್ದು ಅಕ್ಕಾ, ನನ್ನ ಕರಿ, ನಾನ್ ಬಂದು ಒಡೀತೀನಿ. ಇವನೊಬ್ಬ ಬಾಕಿಯಿದ್ದ ನನಗೆ ಶಾಸ್ತ್ರ ಹೇಳಲು. ಬೂದುಗುಂಬಳಕ್ಕೆ ಮೊದಲ ಪೆಟ್ಟು ಗಂಡಸಿನದೇ ಆಗಬೇಕಂತೆ, ಗುಂಡಿ ತೋಡುವುದು ನಾನು, ಗೊಬ್ಬರ ಹೊರುವುದು ನಾನು, ಅಕ್ಕಿ ತೊಳೆದ ನೀರು ಹೊಯ್ಯುವುದು ನಾನು, ಕೊನೆಗೆ ಕಾಯಿ ಸೀಳುವ ಹೊತ್ತಿಗೆ ಯಾವನಾದರೂ ಗಂಡಸು ಬರಲಿ ಎಂದು ಬಾಗಿಲಲ್ಲಿ ಚಾಕು ಹಿಡಿದು ಕಾಯಬೇಕು, ಒಮ್ಮೆ ಕರೆಂಟು ಬಿಲ್ಲು ಕೊಡಲು ಬಂದವನ ಕೈಲಿ ಸೀಳಿಸಿದ್ದೇನೆ, ಆದರೂ ನಾನು ಮೀರಿಲ್ಲ, ಅಮ್ಮನ ಮಾತು, ಗಂಡ್ಸು ಕೈಲಿ ಒಡಸ್ಬೇಕು ಕಣೇ, ನಮ್ಮಮ್ಮನೂ ಅಂಗೇ ಮಾಡ್ತಿದ್ದಿದ್ದು. ಬಿತ್ತನೆ ಕಾಯಿಯನ್ನೂ ಹಾಗೇ ಇವರ ಕೈಲೇ ಒಡೆಸಬೇಕು ಎಂದುಕೊಂಡಿದ್ದೆ, ಅಂಗಳದಲ್ಲಿ, ಮೊರದ ಮೇಲೆ, ನಿಧಾನಕ್ಕೆ.

ರೋಹಿಣಿ ಮಳೆಯಲ್ಲಿ ಬೀಜ ಹಾಕಿದ್ದು. ಬೆರಣಿ ಒಡೆದು ಬೀಜ ಬಿಡಿಸಿದಾಗ ಮುಕ್ಕಾಲು ಪಾಲು ಟೊಳ್ಳು, ಊದಿದರೆ ಹಾರಿ ಹೋದವು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾಗಿ ಡಬ್ಬದೊಳಗೆ ಬೆಚ್ಚಗೆ ಹೂತಿಟ್ಟೆ, ದಿನಾ ಬೆಳಿಗ್ಗೆ ಬಿಚ್ಚಿ ನೋಡುವುದು, ಇಲ್ಲ, ಮತ್ತೆ ಕಟ್ಟುವುದು, ಇವರು ಒಂದು ದಿನ, ಏನದು, ಮುದ್ದೆಗೆ ರಾಗಿ ತೆಗಿಯೋಕೂ ಮುಹೂರ್ತನಾ, ಎಂದಿದ್ದರು, ಕೊನೆಗೆ ಒಂದೇ ಒಂದು ಮೂತಿ ಬಿಟ್ಟಿತು, ಬೆಳ್ಳಗೆ, ಬಾಗಿ, ಒಂದಾದರೆ ಒಂದು, ಒಂದು ಬಳ್ಳಿ ಸಾಲದೇ ನನಗೆ. ಮೃಗಶಿರದಲ್ಲಿ ಎಲೆ ಬಿಟ್ಟಿತು, ಆರಿದ್ರೆಯಲ್ಲಿ ಬಚ್ಚಲ ಗೋಡೆ ಹಿಡಿಯಿತು, ಆಮೇಲೆ ಅದನ್ನು ತಡೆಯುವವರೇ ಇಲ್ಲ, ಬೆಂಡೆಯ ಮೇಲೆ ಬಿತ್ತು, ಹೀರೆಯ ಚಪ್ಪರಕ್ಕೆ ಕೈ ಹಾಕಿತು, ಕನಕಮ್ಮನ ಬಟ್ಟೆ ಒಣಗಿಸುವ ತಂತಿಗೂ ಹೋಗಿ ಸುತ್ತಿಕೊಂಡಿತು, ಬೆಳಗಿನ ಜಾವ ಹೂವು ಅರಳುವಾಗ ನಾನು ಎದ್ದು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದೆ, ಆ ದಿಬ್ಬದ ಕಡೆಯಿಂದ ಜೇನು ಎಲ್ಲಿ ಬರಬೇಕು, ಮದುವೆಯೂ ನಾನೇ, ಬಾಣಂತನವೂ ನಾನೇ, ಹೀಚು ಕಚ್ಚಿದಾಗ ಕನಕಮ್ಮ, ಅದೋ ಅಲ್ಲಿ ಒಂದು, ಎಂದು ಬೆರಳು ಚಾಚಿದಳು, ಬೆರಳು ಮಡಿಚೇ, ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ಗದರಿದೆ, ಆಮೇಲಿಂದ ಅವಳು ಪಾಪ ಗೇಣುದ್ದ ಬೆಳೆದ ಕಾಯಿಗೂ ಗೆಣ್ಣು ಮಡಿಚಿಯೇ ತೋರಿಸುತ್ತಾಳೆ. ಮೊದಲನೆಯದನ್ನು ಅವಳಿಗೇ ಕೊಟ್ಟೆ, ಮೋರ್ ಕೊಳಂಬು ಎಂದು ಮಜ್ಜಿಗೆ ಹುಳಿ ಮಾಡಿ ನಮಗೂ ಒಂದು ಬಟ್ಟಲು ಕಳಿಸಿದಳು, ಎರಡನೆಯದು ಬಿತ್ತನೆಗೆ, ಆಮೇಲಿನವುಗಳಲ್ಲಿ ಒಂದನ್ನು ನೊಣ ಕುಟುಕಿತು, ಒಂದನ್ನು ಕೋತಿ ಕಚ್ಚಿ ಎಸೆಯಿತು, ಇನ್ನೊಂದು ಮಖೆ ಮಳೆಯ ಗಾಳಿಗೆ ತಗಡಿನಿಂದ ಉರುಳಿ ಬಿದ್ದು ಎಳಸಿನಲ್ಲೇ ಸಾರಿಗೆ ಹೋಯಿತು, ಹೋಗಲಿ, ಬಳ್ಳಿಗೆ ಕಾಯಿ ಭಾರವೇ ಎನ್ನುತ್ತಾರೆ, ಭಾರವಲ್ಲ, ಆದರೆ ಕಾಯುವವಳಿಗೆ ಭಾರ. ಉತ್ತರೆ ಮುಗಿಯುವಾಗ ಬಳ್ಳಿ ಬುಡದಿಂದ ಒಣಗುತ್ತಾ ಬಂತು, ಬೇಲಿಯಲ್ಲಿ ಅವರೆ ಹೂವು ಬಿಡತೊಡಗಿತು, ಆ ಒಣಗುವ ಬಳ್ಳಿಯ ತುದಿಯಲ್ಲಿ ಅದೊಂದೇ ಕಾಯಿ, ಅಷ್ಟರೊಳಗೇ ಎಲ್ಲ ಬೀಜ. ಇವರಿಗೆ ಇದು ಯಾವುದೂ ಗೊತ್ತಿಲ್ಲವೇ, ಗೊತ್ತಿರಬೇಕಿತ್ತು, ತಟ್ಟೆಗೆ ಬಿದ್ದದ್ದನ್ನು ತಲೆ ತಗ್ಗಿಸಿ ತಿಂದು ಏಳುವ ಮನುಷ್ಯ, ಬಸ್ಸಾರಿನ ದಂಟು ಹಿತ್ತಿಲಿನದೋ ಅಂಗಡಿಯದೋ ಒಂದು ದಿನ ಕೇಳಿಲ್ಲ, ಹಿತ್ತಲ ಗಿಡ ಮದ್ದಲ್ಲ, ಹಿತ್ತಲ ಹೆಂಡತಿಯೂ.

ಹಳದಿ ಬಟ್ಟೆ, ಅದನ್ನು ಅಮ್ಮನೇ ಕೊಟ್ಟದ್ದು. ಕಾಯಿ ಕಚ್ಚಿದೆ ಎಂದು ಹೇಳಲು ಹೋಗಿದ್ದೆ, ಫೋನಿನಲ್ಲಿ ಹೇಳಿದರೆ ಅವಳಿಗೆ ಹೇಳಿದ ಹಾಗಾಗುವುದಿಲ್ಲ, ಜಗಲಿಯಿಂದ ಎದ್ದು ಪೆಟ್ಟಿಗೆ ತೆಗೆದು ಹಳೇ ಹಳದಿ ಸೀರೆಯ ಸೆರಗಿನಿಂದ ಹಲ್ಲಲ್ಲಿ ಕಚ್ಚಿ ಸರ್ರನೆ ಒಂದು ಪಟ್ಟಿ ಹರಿದಳು, ನನ್ನಮ್ಮ ಮುನಿನಾರಾಯಣಮ್ಮನ ಹಲ್ಲು ಇನ್ನೂ ಗಟ್ಟಿ, ತೊಟ್ಟಿಗೆ ಕಟ್ಟು, ಬಿತ್ತನೆ ಕಾಯಿಗೆ ಗುರುತಿರ್ಬೇಕು, ಯಾರೂ ಕೈ ಆಕ್ಬಾರ್ದು ನೋಡು, ಎಂದಳು, ನಾನು ಕಟ್ಟಿದೆ, ಎರಡು ಗಂಟು. ಅಂದಿನಿಂದ ಫೋನು ಮಾಡಿದಾಗೆಲ್ಲ ಅವಳದು ಒಂದೇ ಪ್ರಶ್ನೆ, ಊಟ ಆಯ್ತಾ ಇಲ್ಲ, ಅಳಿಯ ಚೆನ್ನಾಗಿದಾರಾ ಇಲ್ಲ, ಬೂದಿ ಬಂತೇನೇ. ಇಲ್ಲಮ್ಮಾ, ಇನ್ನೂ ಹಸಿರು. ಬೂದಿ ಬಂತೇನೇ. ಬರ್ತಾ ಇದೆ, ತೊಟ್ಟಿನ ಹತ್ರ ಶುರುವಾಗಿದೆ. ಬೂದಿ ಮೈತುಂಬ ಬಂದರೆ ಒಳಗೆ ಬೀಜ ಬಲಿತಿತು ಎಂದು ಲೆಕ್ಕ. ನಿನ್ನೆ ಸಂಜೆ ತಗಡಿನ ಹತ್ತಿರ ಹೋಗಿ ಕಾಯಿಯ ಮೇಲೆ ಬೆರಳಿಟ್ಟೆ, ಬೆರಳಿಗೆ ದಪ್ಪಗೆ ಹತ್ತಿತು, ಬೆಳ್ಳಗೆ, ಬಾಯಿಯಲ್ಲಿ ಊದಿದರೂ ಹೋಗದಷ್ಟು, ಅಲ್ಲೇ ನಿಂತು ಫೋನು ಮಾಡಿದೆ, ಬಂತಮ್ಮಾ, ಮೈತುಂಬ ಬಂತು, ದಸರಾ ಕಳೀಲಿ, ಒಡೆಸಿ ಬೀಜ ಒಣಗಿಸಿ ತಕೊಂಡು ಬರ್ತೀನಿ. ಆ ಕಡೆ ಮೂಗು ಸೇದಿದ ಸದ್ದು, ಬರೋ ರೋಹಿಣಿಗೆ ಕೊಟ್ಗೆ ಇಂದ್ಗಡೆ ಗುಂಡಿ ತಗ್ದು ಆಕ್ತೀನಿ, ನಾನಿರ್ಲಿ ಬಿಡ್ಲಿ, ಬೀಜ ಇರ್ತೈತೆ, ಎಂದಳು. ಅವಳಿಗೆ ಈಗ ಏನು ಹೇಳಲಿ, ನಿನ್ನ ಅಳಿಯ ಅದನ್ನು ಲೇತ್ ಮಿಷಿನ್ನಿಗೆ ನಿವಾಳಿಸಿ ಬೀದಿಗೆ ಒಡೆದರು ಎನ್ನಲೇ, ಎನ್ನುವುದಿಲ್ಲ, ಎನ್ನುವ ಹಾಗೆ ಆಗಗೊಡುವುದಿಲ್ಲ, ಇಗೋ ಬಂತಲ್ಲ ಗೇಟು, ಇಳಿಯುತ್ತೇನೆ, ಕಾಯಿ ಎರಡೂ ಕೈಯಲ್ಲಿ ಹೊತ್ತು ನಡೆಯುತ್ತೇನೆ, ಇವತ್ತೊಂದು ದಿನ ಮನೆಯವರಿಗೆಲ್ಲ ಒಳಗೆ ಬಿಡುತ್ತಾರೆ, ಪಾಸಿಲ್ಲ ಚೀಟಿಯಿಲ್ಲ, ಹೆಂಗಸರೆಲ್ಲ ರೇಷ್ಮೆ ಉಟ್ಟಿದ್ದಾರೆ, ನನ್ನದು ಮಾತ್ರ ಬಾಡಿಗೆಗೆ ತಂದ ಬಸುರಿನ ಹಾಗೆ ಹೊಟ್ಟೆಯ ಮುಂದೆ ಒಂದು ಹಸಿರು ಕಾಯಿ, ನೋಡುವವರು ನೋಡಲಿ.

ಗಂಟೆ ಕೇಳುತ್ತಿದೆ, ಮಂಗಳಾರತಿ, ಅವರ ಸೆಕ್ಷನ್ ಆ ಕೊನೆಯ ಶೆಡ್ಡು, ಓಡುವುದಿಲ್ಲ ನಾನು, ಬೇಗ ನಡೆಯುತ್ತೇನೆ ಅಷ್ಟೇ, ಲೇತ್‌ಗಳಿಗೆಲ್ಲ ಮಾವಿನ ಎಲೆ, ವಿಭೂತಿ ಪಟ್ಟೆ, ಎಣ್ಣೆಯ ವಾಸನೆಯ ಮೇಲೆ ಕರ್ಪೂರದ ವಾಸನೆ, ಜನ ವೃತ್ತ ಕಟ್ಟಿ ನಿಂತಿದ್ದಾರೆ, ನಡುವೆ ಇವರು, ಸುಬ್ಬರಾಯಪ್ಪ, ನನ್ನ ಯಜಮಾನರು, ಮಗಳು ಕಳಿಸಿದ ಹೊಸ ಬಿಳಿ ಅಂಗಿ, ಅಂಗೈಯಲ್ಲಿ ನನ್ನ ಕಾಯಿ, ಅದೇ, ಕತ್ತು ಸ್ವಲ್ಪ ನೀಳ, ಮೈತುಂಬ ಬೂದಿ, ತೊಟ್ಟಿನಲ್ಲಿ ಹಳದಿ ಬಟ್ಟೆ, ಮೇಲೆ ಪಕ್ಕದಲ್ಲಿ ತೂತು ಕೊರೆದು ಕುಂಕುಮ ತುಂಬಿದ್ದಾರೆ, ತಡವಾಯಿತೇ, ಇಲ್ಲ, ಇನ್ನೂ ಇಡಿಯಾಗಿದೆ, ತೂತು ಬಿದ್ದರೇನು, ಒಂದು ಕೂಗು ಕೂಗಿದರೆ ಸಾಕು, ಕೂಗಲು ಬಾಯಿ ತೆರೆದೆ. ಇವರು ನನ್ನನ್ನು ನೋಡಿದರು. ನಕ್ಕರು, ಹಲ್ಲು ಕಾಣುವ ಹಾಗೆ, ಮಗಳ ಮದುವೆಯಲ್ಲೂ ಇಷ್ಟು ನಗಲಿಲ್ಲ ಈ ಮನುಷ್ಯ, ಬಾರೇ ಬಾರೇ, ನಿನ್ನೇ ನೆನಸ್ಕೊತಿದ್ದೆ ಎಂದರು, ಆಮೇಲೆ ಪಕ್ಕದಲ್ಲಿದ್ದ ಮಂಜೇಶನ ಕಡೆ ತಿರುಗಿ, ದಾವಣಗೆರೆ ಕಡೆಯ ಹುಡುಗ, ಇವರ ಸೂಪರ್‌ವೈಸರು, ಸಾರ್, ಕಾಯಿ ಅಂಗಡೀದಲ್ಲ, ನಮ್ಮನೇದು, ಇವ್ಳೇ ಬೆಳ್ಸಿದ್ದು, ಆ ಮೈನಿಂಗ್ ಮಣ್ಣಲ್ಲಿ ನೀವ್ಯಾರಾದ್ರೂ ಒಂದು ಮೆಣಸಿನಕಾಯಿ ಬೆಳೀರಿ ನೋಡಾಣ, ಮಖೆ ಮಳೇಲಿ ಗಾಳಿ ಬಂದಾಗ ರಾತ್ರಿ ಎದ್ದೋಗಿ ಇದುಕ್ಕೆ ಗೋಣಿಚೀಲ ಒದ್ಸಿ ಬಂದವ್ಳೆ, ಮಗೀಗೆ ಒದ್ಸಿದಂಗೆ, ಎಂದರು. ಅಯ್ಯೋ ದೇವರೇ, ನಾನು ಎದ್ದದ್ದು ಇವರಿಗೆ ಗೊತ್ತಿತ್ತೇ, ಗೊರಕೆ ಹೊಡೆಯುತ್ತಿದ್ದರಲ್ಲ. ಇನ್ನೂ ನಿಲ್ಲಿಸಲಿಲ್ಲ, ಅರಿಶಿನದ ಬಟ್ಟೆ ಕಟ್ಟಿ ಮುಡುಪು ಇಟ್ಟಿದ್ಲು ಸಾರ್, ಬಾಯ್ಬಿಟ್ಟು ಏಳಿಲ್ಲ, ನನ್ನ ಕಡೇ ಆಯುಧಪೂಜೆಗೆ ಅಂತ್ಲೇ ಇಟ್ಟವ್ಳೆ ಅಂತ ನನಗೊತ್ತಾಗಲ್ವಾ, ಅದಕ್ಕೇ ಬಟ್ಟೆ ಬಿಚ್ದಂಗೇ ತಂದೆ.

ಮುಡುಪು. ಬಂಗಾರಪೇಟೆ ಕಡೆಯ ಇವರ ಮನೆಯಲ್ಲಿ ಹಾಗೇ ಅಲ್ಲವೇ, ಹರಕೆ ಎಂದರೆ ಹಳದಿ ಬಟ್ಟೆ, ನನ್ನ ಅತ್ತೆ ಎಮ್ಮೆ ಕರು ಹಾಕಲಿ ಎಂದರೂ ಹಳದಿ ಬಟ್ಟೆ ಕಟ್ಟುತ್ತಿದ್ದರು, ಬರುವ ಸಂಕ್ರಾಂತಿಗೆ ಇವರು ರಿಟೈರು, ಇದು ಕೊನೆಯ ಪೂಜೆ, ಅದಕ್ಕೇ ಕಾಯಿ ಒಡೆಯುವ ಮರ್ಯಾದೆ ಇವರಿಗೆ ಕೊಟ್ಟಿದ್ದಾರೆ, ಅದನ್ನು ನನಗೆ ಹೇಳಿರಲಿಲ್ಲ, ನಾನು ಬಟ್ಟೆ ಯಾಕೆ ಕಟ್ಟಿದ್ದೆಂದು ನಾನೂ ಹೇಳಿರಲಿಲ್ಲ, ಯಾರೂ ಕೈ ಹಾಕಬಾರದು ಎಂದು ಕಟ್ಟಿದ ಬಟ್ಟೆಯೇ ಕರೆದು ಕೈ ಹಾಕಿಸಿತು. ನನ್ನ ತೋಳಿನಲ್ಲಿ ಅಂಗಡಿಯ ಕಾಯಿ ಭಾರವಾಗುತ್ತಿದೆ, ಈಗಲೂ ಹೇಳಬಹುದು, ರೀ ಅದು ಬಿತ್ತನೆ ಕಾಯಿ, ಇಲ್ಲಿ ಕೊಡಿ, ಇದನ್ನು ಒಡೆಯಿರಿ — ಹೇಳಿದರೆ ಕೊಟ್ಟುಬಿಡುತ್ತಾರೆ, ಮಾತಾಡದೆ ಕೊಡುತ್ತಾರೆ, ಇಷ್ಟು ಜನರ ಮುಂದೆ ಆ ನಗು ಬಾಯಿಯೊಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುವುದು ಯಾವ ಹಬ್ಬಕ್ಕೋ, ಇವರು ತಿರುಗಿದರು, ಬಿಳಿ ಅಂಗಿಯ ಎಡ ಹೆಗಲು ಕಂಡಿತು, ಅಂಗೈಯಗಲ ಬೂದಿ, ಬಿಳಿಯ ಮೇಲೆ ಬಿಳಿ, ಆದರೂ ಹಿತ್ತಿಲಿನವಳ ಕಣ್ಣಿಗೆ ಕಾಣದೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಈ ಕಳ್ಳನಿಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು ಎಂಬುದೂ ಗೊತ್ತಿಲ್ಲ, ನಗು ಬಂದುಬಿಟ್ಟಿತು ನನಗೆ, ಬೆಳಿಗ್ಗೆಯಿಂದ ಹೊತ್ತು ತಂದಿದ್ದ ಸಿಟ್ಟು ಎಲ್ಲಿ ಇಳಿದು ಹೋಯಿತೋ, ಈ ಮನುಷ್ಯನ ಮೇಲೆ ಪ್ರೀತಿ ಬಂತು, ಬರಲಿ, ಅದಕ್ಕೇನು ನಾಚಿಕೆ. ಮತ್ತೆ, ಬೀಜ ಬೇಕಾದರೆ ಕಾಯಿ ಒಡೆಯಲೇಬೇಕಲ್ಲ, ಗಂಡಸಿನ ಕೈಲೇ ಒಡೆಸಬೇಕಲ್ಲ, ಅಂಗಳದಲ್ಲಾದರೇನು ಕಾರ್ಖಾನೆಯ ಬಾಗಿಲಲ್ಲಾದರೇನು. ಒಡೀರಿ, ಎಂದೆ. ಬಾಯಿಬಿಟ್ಟೇ ಎಂದೆ, ಚೆನ್ನಾಗ್ ಒಡೀರಿ. ಕಾಯಿಯ ನೆತ್ತಿಯ ಮೇಲೆ ಕರ್ಪೂರ ಹತ್ತಿಸಿದರು, ಇವರು ಯಂತ್ರಗಳಿಗೆಲ್ಲ ನಿವಾಳಿಸಿದರು, ಬಾಗಿಲಾಚೆ ಬಂದರು, ತಲೆಯ ಮೇಲಕ್ಕೆ ಎತ್ತಿದರು, ಹಳದಿ ಬಟ್ಟೆ ಒಂದು ಸಲ ಗಾಳಿಗೆ ಆಡಿತು, ಬಿತ್ತು. ಆ ಸದ್ದು ನನ್ನ ಹೊಟ್ಟೆಗೆ ಕೇಳಿಸಿತು. ಬೂದಿ ಬಂತೇನೇ.

ಎಲ್ಲರೂ ಹಿಂದಕ್ಕೆ ಸರಿದರು, ಹುಡುಗರು ಮಾತ್ರ ನುಗ್ಗಿ ತಿರುಳಿನಲ್ಲಿ ಹಾಕಿದ್ದ ಕಾಸು ಆಯ್ದುಕೊಂಡು ಓಡಿದರು, ಕಾಸು ಆಯಲು ದೃಷ್ಟಿ ಅಡ್ಡ ಬರುವುದಿಲ್ಲ, ಬೀಜ ಆಯಲು ಬರುತ್ತದೆಯೇ, ನಾನು ಮುಂದೆ ಹೋದೆ, ಅಮ್ಮಾರ, ಅದನ್ನ ಮುಟ್ಟಬ್ಯಾಡ್ರಿ, ದೃಷ್ಟಿ ತಗದದ್ದು ಐತಿ, ಎನ್ನುತ್ತಾನೆ ಮಂಜೇಶ, ಒಬ್ಬಾಕೆ ಅಯ್ಯೋ ಎನ್ನುತ್ತಾಳೆ, ಮನೆಗೆ ದೃಷ್ಟಿ ಹೊತ್ತುಕೊಂಡು ಹೋಗುತ್ತೀಯಾ ಎನ್ನುತ್ತಾಳೆ, ಆ ಕಡೆಯಿಂದ ಬಾಳೆಕಂದು ಕಟ್ಟಿದ ಫೋರ್ಕ್‌ಲಿಫ್ಟ್ ಸದ್ದು ಮಾಡುತ್ತಾ ಹೊರಟಿದೆ, ಒಡೆದ ಕಾಯಿಯ ಮೇಲೆ ಹಾದು ಹೋದರೆ ಶುಭವಂತೆ, ಶುಭ ಇರಲಿ, ನನ್ನ ಬೀಜದ ಮೇಲೆ ಯಾಕೆ, ತೋಳಿನಲ್ಲಿದ್ದ ಅಂಗಡಿಯ ಕಾಯಿಯನ್ನು ಅದರ ಚಕ್ರದ ಮುಂದೆ ಇಟ್ಟೆ, ದಪ್ಪ ಎಂದು, ಇಡೀ ಕಾಯಿಯ ಮೇಲೆ ಯಾವ ಡ್ರೈವರು ಹತ್ತಿಸುತ್ತಾನೆ ನೋಡೋಣ, ಹತ್ತಿಸಲಿಲ್ಲ, ನಿಂತ, ನಾನು ಸೆರಗು ಹಾಸಿ ಕೂತೆ. ತಿರುಳು ಬಿಳಿ, ಕುಂಕುಮ ಕೆಂಪು, ನಡುವೆ ಬೀಜ, ಒಂದನ್ನು ಉಗುರಲ್ಲಿ ಒತ್ತಿ ನೋಡಿದೆ, ಗಟ್ಟಿ, ಅಂಚು ಮೂಡಿದೆ, ಒಳಗೆ ತುಂಬಿದೆ, ಬಲಿತಿದೆ ಅಮ್ಮಾ, ಬಲಿತಿದೆ, ಕಣ್ಣು ಕಾಯಿಗೆ ತಗಲಿರಬಹುದು, ಸಿಪ್ಪೆಯೊಳಗಿನ ಇದಕ್ಕೆ ಏನು ಗೊತ್ತು, ಆ ದಿಬ್ಬದ ಧೂಳನ್ನೇ ಗೆದ್ದು ಬಂದದ್ದು ನಾಲ್ಕು ಜನರ ಕಣ್ಣಿಗೆ ಸಾಯುತ್ತದೆಯೇ, ತೊಳೆದರೆ ಕುಂಕುಮ ಹೋಗುತ್ತದೆ, ಬೂದಿ ಬೆರೆಸಿ ಮೊರದಲ್ಲಿ ಒಣಗಿಸುತ್ತೇನೆ, ಅಮ್ಮನಿಗೆ ಒಂದು ಹಿಡಿ, ಕನಕಮ್ಮನಿಗೂ ಕೊಡುತ್ತೇನೆ, ಒಂದೇ ಬಳ್ಳಿಯನ್ನು ನಂಬಿ ಇನ್ನು ಕೂರುವುದಿಲ್ಲ — ಬಿಳಿ ಅಂಗಿಯ ತೋಳು ನನ್ನ ಪಕ್ಕಕ್ಕೆ ಬಂತು, ಇವರು, ಕುಕ್ಕರಗಾಲಲ್ಲಿ, ಎಲ್ಲರ ಮುಂದೆ, ಮುಖ ಬೆಳ್ಳಗಾಗಿದೆ, ಬಿತ್ತನೇದಾ, ಎಂದರು, ಅಷ್ಟೇ, ಹೂಂ ಎಂದೆ, ಅಷ್ಟೇ, ಇವರು ಕರವಸ್ತ್ರ ಬಿಡಿಸಿ ನೆಲಕ್ಕೆ ಹಾಸಿದರು, ಲೇತ್ ತಿರುಗಿಸಿದ ಆ ದಪ್ಪ ಬೆರಳುಗಳು ತಿರುಳಿನಲ್ಲಿ ಬೀಜ ಹುಡುಕುತ್ತಿವೆ, ಜಾರುತ್ತವೆ, ಮತ್ತೆ ಹಿಡಿಯುತ್ತವೆ, ನಿಮ್ಮ ಹೆಗಲ ಮೇಲೆ ಬೂದಿ ಇದೆ ರೀ ಎಂದೆ, ನೋಡಿಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ, ಚಕ್ರದ ಹತ್ತಿರ ಉರುಳಿ ನಿಂತಿದ್ದ ದೊಡ್ಡ ಹೋಳಿಗೆ ಕೈ ಚಾಚಿ ಎಳೆದುಕೊಂಡು ನನ್ನ ಮಡಿಲಿಗೆ ಇಟ್ಟರು, ಎರಡೂ ಕೈಯಲ್ಲಿ, ತೊಟ್ಟಿನ ಕಡೆಯ ಹೋಳು, ಒಳಗೆ ಸಾಲು ಸಾಲು ಬೀಜ, ಮೇಲೆ ಹಳದಿ ಬಟ್ಟೆ, ಕುಂಕುಮ ಹತ್ತಿದೆ, ಒದ್ದೆಯಾಗಿದೆ, ಬಟ್ಟೆಯನ್ನಾದರೂ ಬಿಚ್ಚಿಕೊಳ್ಳೋಣ ಎಂದು ಕೈಯಿಟ್ಟೆ, ಬರಲಿಲ್ಲ, ಇಷ್ಟೆಲ್ಲ ಒಡೆದರೂ ಬಿಚ್ಚಿಲ್ಲ, ನಾನು ಹಾಕಿದ ಗಂಟು, ಹಳದಿ ಬಟ್ಟೆ, ಎರಡು ಗಂಟು, ತೊಟ್ಟಿನ ಮೇಲೆ, ಹಳದಿ